ಹಳೆ ಗಾಡಿಯ ರಬ್ಬರ್

ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಕುಕ್ಕರ್ ಇದೆಯಾ? ಅದರ ಮುಚ್ಚಳದ ಒಳಗೆ ಒಂದು ರಬ್ಬರ್ ಬಳೆ ಇದೆ. ಅದಕ್ಕೆ ಗ್ಯಾಸ್ಕೆಟ್ ಅನ್ನುತ್ತೇವೆ. ಹೊಸದರಲ್ಲಿ ಅದು ಮೆತ್ತಗೆ ಇರುತ್ತದೆ. ದಿನ ಕಳೆದಂತೆ ಗಟ್ಟಿ ಆಗುತ್ತದೆ. ಬಿರುಕು ಬಿಡುತ್ತದೆ. ಆಗ ಪಕ್ಕದಿಂದ ಆವಿ ಸೋರುತ್ತದೆ. ಕುಕ್ಕರ್ ಕೂಗುವುದೇ ಇಲ್ಲ. ಬೇಳೆ ಬೇಯುವುದಿಲ್ಲ.

ಆಗ ನಾವು ಕುಕ್ಕರ್ ಎಸೆಯುತ್ತೇವಾ? ಇಲ್ಲ. ಗ್ಯಾಸ್ಕೆಟ್ ಬದಲಾಯಿಸುತ್ತೇವೆ.

ಹಳೆ ಮೋಟಾರ್ ಸೈಕಲ್ಲಿನಲ್ಲೂ ಇಂಥದ್ದೇ ರಬ್ಬರ್ ಇದೆ. ಒಂದಲ್ಲ, ಎರಡು ಇವೆ. ಅವೂ ಗಟ್ಟಿ ಆಗುತ್ತವೆ. ಅವೂ ಬಿರುಕು ಬಿಡುತ್ತವೆ. ಈ ಸಂಗತಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ನಾವು ದಂಡ ತೆತ್ತೆವು.

ಹಬ್ಬದ ಹಿಂದಿನ ದಿನ

ನಮ್ಮ ಅಣ್ಣನ ಹತ್ತಿರ ಒಂದು ಯಮಹಾ ಆರ್‌ಎಕ್ಸ್ 100 ಗಾಡಿ ಇದೆ. ಈ ಗಾಡಿ ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾಯಿತು. ಆಮೇಲೆ ನಿಂತುಹೋಯಿತು. ಅಂದರೆ ಈಗ ಓಡುತ್ತಿರುವ ಗಾಡಿಗಳೆಲ್ಲ ಮುದುಕರೇ. ಅಣ್ಣನದು 1994ರ ಗಾಡಿ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

ಅಣ್ಣ, ಅತ್ತಿಗೆ ಅರ್ಧ ಎಕರೆಯಲ್ಲಿ ಸೇವಂತಿಗೆ ಬೆಳೆಯುತ್ತಾರೆ. ಅತ್ತಿಗೆ ಹೂವು ಬಿಡಿಸುತ್ತಾರೆ. ಅಣ್ಣ ಬೆಳಗಿನ ಜಾವ ಪೇಟೆಗೆ ಒಯ್ಯುತ್ತಾನೆ. ಗಾಡಿ ಓಡಿದರೆ ಮನೆ ನಡೆಯುತ್ತದೆ.

2022ರಲ್ಲಿ ಗಾಡಿ ಹಟ ಮಾಡತೊಡಗಿತು. ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಸ್ಟಾರ್ಟ್ ಆದರೆ ಸುಮ್ಮನೆ ಅರಚುತ್ತಿತ್ತು. ಎಕ್ಸಲೇಟರ್ ಬಿಟ್ಟರೂ ಶಬ್ದ ಇಳಿಯುತ್ತಿರಲಿಲ್ಲ. ಒಬ್ಬ ಮೆಕ್ಯಾನಿಕ್ ನೋಡಿದರು. ಒಂದು ಸ್ಕ್ರೂ ತಿರುಗಿಸಿದರು. ಒಂದು ರಬ್ಬರಿಗೆ ಕಪ್ಪು ಟೇಪ್ ಸುತ್ತಿದರು. "ಇನ್ನೊಂದು ವರ್ಷ ಏನೂ ಆಗಲ್ಲ" ಅಂದರು.

ಒಂದು ತಿಂಗಳೂ ಆಗಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಹೂವಿಗೆ ಬಂಗಾರದ ಬೆಲೆ ಇರುವ ದಿನ. ಬೆಳಗಿನ ಜಾವ 4 ಗಂಟೆಗೆ ಅಣ್ಣ ಎರಡು ಮೂಟೆ ಸೇವಂತಿಗೆ ಕಟ್ಟಿಕೊಂಡು ಹೊರಟ. ದಿಣ್ಣೆ ಹತ್ತುವಾಗ ಇಂಜಿನ್ ಕಿಣಿಕಿಣಿ ಅಂತು. ಹಿಂದಿನ ಚಕ್ರ ಗಕ್ಕನೆ ಹಿಡಿದುಕೊಂಡಿತು. ಅಣ್ಣ ತಕ್ಷಣ ಕ್ಲಚ್ ಹಿಡಿದ. ಬೀಳಲಿಲ್ಲ. ಅದೊಂದು ಪುಣ್ಯ.

ಪಿಸ್ಟನ್ ಸೀಜ್ ಆಗಿತ್ತು. ಅಂದರೆ ಇಂಜಿನ್ನಿನ ಒಳಗಿನ ಪಿಸ್ಟನ್ ಬಿಸಿಗೆ ಉಬ್ಬಿ, ಗೋಡೆಗೆ ಕಚ್ಚಿಕೊಂಡಿತ್ತು. ಲಗೇಜ್ ಆಟೋ ಸಿಕ್ಕಿ ಹೂವು ಪೇಟೆ ಸೇರುವಾಗ 10 ಗಂಟೆ. ವ್ಯಾಪಾರ ಮುಗಿದಿತ್ತು. ಬಂದಷ್ಟಕ್ಕೆ ಕೊಟ್ಟು ಬಂದ. ಇಂಜಿನ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಲು ಮತ್ತೆ ಸಾವಿರಗಟ್ಟಲೆ ಹೋಯಿತು. ಅತ್ತಿಗೆ ಸಂಘದಲ್ಲಿ ಸಾಲ ತಗೊಂಡರು.

ಇಂಜಿನ್ ಬಿಚ್ಚಿದವರು ಬೇರೊಬ್ಬ ಮೆಕ್ಯಾನಿಕ್. ವಯಸ್ಸಾದವರು. ಅವರು ಟೇಪ್ ಸುತ್ತಿದ ರಬ್ಬರ್ ತೋರಿಸಿದರು. ಪೆಟ್ರೋಲಿಗೆ ಟೇಪಿನ ಅಂಟು ಕರಗಿಹೋಗಿತ್ತು. ರಬ್ಬರನ್ನು ಬಾಗಿಸಿದರು. ಕೆಳಗಡೆ ಉದ್ದಕ್ಕೆ ಬಾಯಿ ಬಿಟ್ಟಿತು. "ನೋಡಿ ತಾಯಿ, ಇಂಜಿನ್ ಕೆಡಿಸಿದ್ದು ಇದೇ" ಅಂದರು.

ಅತ್ತಿಗೆಗೆ ನಂಬಿಕೆ ಬರಲಿಲ್ಲ. "ಇಷ್ಟು ಸಣ್ಣ ರಬ್ಬರಾ?" ಅಂತ ಕೇಳಿದರು. ಆಮೇಲೆ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತರು. ಒಂದೊಂದಾಗಿ ಕೇಳಿದರು. ಅವರೂ ಬೇಸರ ಮಾಡದೆ ಹೇಳಿದರು. ಜೊತೆಗಿದ್ದ ನಾನು ಬರೆದುಕೊಂಡೆ.

ಇಂಜಿನ್ ಉಸಿರಾಡುತ್ತದೆ

ಒಲೆ ಉರಿಯಲು ಸೌದೆ ಬೇಕು. ಗಾಳಿಯೂ ಬೇಕು. ಇಂಜಿನ್ನಿಗೂ ಹಾಗೆಯೇ. ಪೆಟ್ರೋಲ್ ಒಂದೇ ಸಾಲದು. ಗಾಳಿ ಬೇಕು. ಎಷ್ಟು ಗಾಳಿ ಗೊತ್ತಾ? 1 ಕಿಲೋ ಪೆಟ್ರೋಲಿಗೆ ಸುಮಾರು 15 ಕಿಲೋ ಗಾಳಿ. ಗಾಳಿಗೂ ತೂಕ ಇದೆ. ಲೀಟರ್ ಲೆಕ್ಕದಲ್ಲಿ ಹೇಳಿದರೆ ನಗು ಬರುತ್ತದೆ. 1 ಲೀಟರ್ ಪೆಟ್ರೋಲ್ ಚೆನ್ನಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು!

ಆರ್‌ಎಕ್ಸ್ 100 ಇಂಜಿನ್ 98 ಸಿಸಿ. ಅಂದರೆ ಒಂದು ಸಣ್ಣ ಟೀ ಲೋಟದಷ್ಟು ಜಾಗ. ಇದು ಎರಡು ಸ್ಟ್ರೋಕಿನ ಇಂಜಿನ್. ಒಂದು ಸುತ್ತಿಗೆ ಒಂದು ಸಲ ಉಸಿರು ಎಳೆಯುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗಿದರೆ, ಸೆಕೆಂಡಿಗೆ 50 ಉಸಿರು. ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹತ್ತಾರು ಸಲ ಉಸಿರಾಡಿರುತ್ತದೆ.

ಗಾಳಿ ಬರುವ ದಾರಿ ಹೀಗಿದೆ. ಸೀಟಿನ ಕೆಳಗೆ ಒಂದು ಡಬ್ಬಿ ಇದೆ. ಅದು ಏರ್ ಫಿಲ್ಟರ್ ಡಬ್ಬಿ. ಹಿಟ್ಟು ಜರಡಿ ಹಿಡಿದ ಹಾಗೆ, ಅಲ್ಲಿ ಗಾಳಿಯ ದೂಳು ನಿಲ್ಲುತ್ತದೆ. ಅಲ್ಲಿಂದ ಗಾಳಿ ಒಂದು ರಬ್ಬರ್ ಕೊಳವೆಯಲ್ಲಿ ಮುಂದೆ ಹೋಗುತ್ತದೆ. ಇದು ಹಿಂದಿನ ರಬ್ಬರ್.

ಮುಂದೆ ಕಾರ್ಬೋರೇಟರ್ ಇದೆ. ಕಾರ್ಬೋರೇಟರ್ ಅಂದರೆ ಗಾಳಿ, ಪೆಟ್ರೋಲ್ ಬೆರೆಸುವ ಸಾಧನ. ಸೊಳ್ಳೆಗೆ ಹೊಡೆಯುವ ಹಳೆ ಕಾಲದ ಫ್ಲಿಟ್ ಪಂಪ್ ನೆನಪಿದೆಯಾ? ಗಾಳಿ ರಭಸವಾಗಿ ಹೋದರೆ ಕೆಳಗಿನ ಔಷಧ ಮೇಲೆ ಬಂದು ತುಂತುರಾಗುತ್ತದೆ. ಇಲ್ಲೂ ಅಷ್ಟೇ. ಗಾಳಿ ರಭಸವಾಗಿ ಹೋಗುತ್ತದೆ. ಪೆಟ್ರೋಲ್ ತುಂತುರಾಗಿ ಗಾಳಿ ಜೊತೆ ಸೇರುತ್ತದೆ.

ಆ ಮಿಶ್ರಣ ಇನ್ನೊಂದು ರಬ್ಬರ್ ದಾಟಿ ಇಂಜಿನ್ನಿಗೆ ಹೋಗುತ್ತದೆ. ಇದು ಮುಂದಿನ ರಬ್ಬರ್. ಇದು ಗಿಡ್ಡ, ದಪ್ಪ. ಇದರ ಒಂದು ಬದಿ ಬೋಲ್ಟಿನಿಂದ ಇಂಜಿನ್ನಿಗೆ ಕೂತಿರುತ್ತದೆ. ಇನ್ನೊಂದು ಬದಿಗೆ ಕಾರ್ಬೋರೇಟರ್ ಬಾಯಿ ತೂರಿರುತ್ತದೆ. ಮೇಲೆ ಒಂದು ಕ್ಲಿಪ್ ಬಿಗಿದಿರುತ್ತದೆ.

ರಬ್ಬರೇ ಯಾಕೆ? ಕಬ್ಬಿಣ ಹಾಕಬಾರದಾ? ಅತ್ತಿಗೆಯೂ ಇದನ್ನೇ ಕೇಳಿದರು. ಇಂಜಿನ್ ನಡುಗುತ್ತದೆ. ಕಾದು ಸುಡುತ್ತದೆ. ಆ ನಡುಕ, ಆ ಬಿಸಿ ಕಾರ್ಬೋರೇಟರಿಗೆ ತಗುಲಬಾರದು. ರಬ್ಬರ್ ಅದನ್ನು ತಡೆಯುತ್ತದೆ. ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ ಇದ್ದ ಹಾಗೆ. ಆದರೆ ವರ್ಷಗಟ್ಟಲೆ ಬಿಸಿ, ಪೆಟ್ರೋಲ್ ಆವಿ ತಿಂದು ರಬ್ಬರೇ ಸೊರಗುತ್ತದೆ.

ಕಳ್ಳಗಾಳಿ

ಕುಕ್ಕರಿನ ರಬ್ಬರ್ ಒಡೆದರೆ ಆವಿ ಹೊರಗೆ ಬರುತ್ತದೆ. ಕಣ್ಣಿಗೆ ಕಾಣುತ್ತದೆ. ಗಾಡಿಯ ಮುಂದಿನ ರಬ್ಬರ್ ಒಡೆದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಅದು ಕಾಣುವುದಿಲ್ಲ. ಅದೇ ಕಷ್ಟ.

ಈ ಗಾಳಿ ಕಾರ್ಬೋರೇಟರ್ ದಾಟಿ ಬಂದಿಲ್ಲ. ಹಿತ್ತಲ ಬಾಗಿಲಿಂದ ನುಗ್ಗಿದ ಕಳ್ಳಗಾಳಿ. ಅದರ ಜೊತೆ ಪೆಟ್ರೋಲ್ ಇಲ್ಲ. ಆಗ ಗಾಳಿ ಹೆಚ್ಚಾಯಿತು, ಪೆಟ್ರೋಲ್ ಕಡಿಮೆ ಆಯಿತು. ಸಾರಿಗೆ ನೀರು ಹೆಚ್ಚು ಹಾಕಿದ ಹಾಗೆ.

ಸಾರಾದರೆ ಸಪ್ಪಗಾಗುತ್ತದೆ, ಅಷ್ಟೇ. ಇಂಜಿನ್ನಿಗೆ ಹಾಗಲ್ಲ. ಒಳಗೆ ಬರುವ ಪೆಟ್ರೋಲ್ ಆವಿ ಆಗುವಾಗ ಇಂಜಿನ್ನನ್ನು ಸ್ವಲ್ಪ ತಂಪು ಮಾಡುತ್ತದೆ. ಪೆಟ್ರೋಲ್ ಕಡಿಮೆ ಬಂದರೆ ಆ ತಂಪೂ ಕಡಿಮೆ. ಇಂಜಿನ್ ವಿಪರೀತ ಕಾಯುತ್ತದೆ. ಪಿಸ್ಟನ್ ಅಲ್ಯೂಮಿನಿಯಂದು. ಬಿಸಿಗೆ ಬೇಗ ಉಬ್ಬುತ್ತದೆ. ಕೊನೆಗೆ ಕಚ್ಚಿಕೊಳ್ಳುತ್ತದೆ. ಅಣ್ಣನ ಗಾಡಿಗೆ ಆದದ್ದು ಇದೇ. ದಿಣ್ಣೆ, ಎರಡು ಮೂಟೆ ಭಾರ, ಮೇಲೆ ಕಳ್ಳಗಾಳಿ.

ಆರ್‌ಎಕ್ಸ್ 100ರಲ್ಲಿ ಎಣ್ಣೆಗೆ ಬೇರೆ ಟ್ಯಾಂಕ್ ಇದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಯಂಥ ಹಳೆ ಗಾಡಿಗಳಿಗೆ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು. ಅಂಥ ಗಾಡಿಯಲ್ಲಿ ಪೆಟ್ರೋಲ್ ಕಡಿಮೆ ಆದರೆ ಎಣ್ಣೆಯೂ ಕಡಿಮೆ. ಅಪಾಯ ಇನ್ನೂ ಹೆಚ್ಚು.

ಹೊಸ ಗಾಡಿ ಇರುವವರು ಗಾಬರಿ ಆಗಬೇಡಿ. 2020ರ ಏಪ್ರಿಲ್ ನಂತರ ಬಂದ ಬಹುಪಾಲು ಗಾಡಿಗಳಲ್ಲಿ ಕಾರ್ಬೋರೇಟರ್ ಇಲ್ಲ. ಅಲ್ಲಿ ಪೆಟ್ರೋಲ್ ಬಿಡುವ ಏರ್ಪಾಡು ಬೇರೆ.

ಕಿವಿಗೆ ಗೊತ್ತಾಗುತ್ತದೆ

ಅತ್ತಿಗೆ ಹೇಳುವುದು ಒಂದೇ ಮಾತು. "ಗಾಡಿ ಕೆಡೋದಕ್ಕೆ ಮುಂಚೆ ಕೂಗಿ ಹೇಳುತ್ತೆ." ಎಕ್ಸಲೇಟರ್ ಬಿಟ್ಟ ಮೇಲೂ ಇಂಜಿನ್ ಅರಚಿದರೆ ಅನುಮಾನ ಪಡಿ. ಕಿಕ್ ಜಾಸ್ತಿ ಬೇಕಾದರೆ, ನಿಂತಲ್ಲೇ ಆಫ್ ಆದರೆ, ಎಳೆಯುವಾಗ ಮುಗ್ಗರಿಸಿದರೆ ರಬ್ಬರ್ ನೋಡಿ. ಬೇರೆ ಕಾರಣಕ್ಕೂ ಹೀಗೆ ಆಗಬಹುದು. ಆದರೆ ರಬ್ಬರ್ ನೋಡಲು ದುಡ್ಡು ಬೇಡ.

ಪ್ಲಗ್ಗನ್ನೂ ನೋಡಬಹುದು. ಗಾಡಿ ಓಡಿ ಬಂದು, ಆರಿದ ಮೇಲೆ ಪ್ಲಗ್ ಬಿಚ್ಚಿ. ತುದಿ ಕಾಫಿ ಬಣ್ಣ ಇದ್ದರೆ ಸರಿ. ಮಸಿ ಹಿಡಿದು ಕಪ್ಪಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚು. ಬೂದಿ ಹಾಗೆ ಬೆಳ್ಳಗಿದ್ದರೆ ಗಾಳಿ ಹೆಚ್ಚು. ಬಿಳಿ ಬಣ್ಣ ಕಂಡರೆ ಗಾಡಿಗೆ ಭಾರ ಹಾಕಬೇಡಿ.

ಇನ್ನೊಂದು ಪರೀಕ್ಷೆ ಇದೆ. ಸೋಪಿನ ನೀರಿನದು. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ. ಕೋಣೆ ಒಳಗೆ ಬೇಡ, ಹೊಗೆ ವಿಷ. ಸೆರಗು ಸೊಂಟಕ್ಕೆ ಸಿಕ್ಕಿಸಿ. ಸೈಲೆನ್ಸರ್ ಮುಟ್ಟಬೇಡಿ. ಇಂಜಿನ್ ಮೆಲ್ಲಗೆ ಓಡುತ್ತಿರಲಿ. ಹತ್ತಿಯಲ್ಲಿ ಸೋಪಿನ ನೀರು ಅದ್ದಿ ಮುಂದಿನ ರಬ್ಬರಿನ ಸುತ್ತ ಹನಿಸಿ. ಬಿರುಕು ಇದ್ದರೆ ಅದು ನೀರನ್ನು ಎಳೆದುಕೊಳ್ಳುತ್ತದೆ. ಇಂಜಿನ್ ಶಬ್ದ ಬದಲಾಗುತ್ತದೆ. ಕೆಲವರು ಇದಕ್ಕೆ ಪೆಟ್ರೋಲ್ ಎರಚುತ್ತಾರೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್! ಹಾಗೆ ಮಾಡುವವರನ್ನು ಕಂಡರೆ ಮಕ್ಕಳನ್ನು ಕರೆದುಕೊಂಡು ದೂರ ಹೋಗಿ.

ಅಂಗಡಿಯಲ್ಲಿ

ಬಿರುಕು ಬಿಟ್ಟ ರಬ್ಬರಿಗೆ ಟೇಪ್ ಬೇಡ. ಸೈಕಲ್ ಟ್ಯೂಬ್ ತುಂಡೂ ಬೇಡ, ಅದು ಪೆಟ್ರೋಲಿಗೆ ಉಬ್ಬಿ ಹಾಳಾಗುತ್ತದೆ. ಗೋಂದು, ಎಂ-ಸೀಲ್ ಕೂಡ ಬೇಡ. ಹೊಸದು ತನ್ನಿ. ಬೋರ್ ಮಾಡಿಸುವ ಖರ್ಚಿನ ಮುಂದೆ ರಬ್ಬರಿನ ಬೆಲೆ ಏನೂ ಅಲ್ಲ.

ಹಳೆ ರಬ್ಬರ್ ಕೈಯಲ್ಲಿ ಹಿಡಿದೇ ಹೋಗಿ. ಅತ್ತಿಗೆ ಹಾಗೇ ಹೋದರು. ಅಂಗಡಿಯವರು ಒಂದು ಪೊಟ್ಟಣ ಕೊಟ್ಟರು. "ಎಲ್ಲಾ ಒಂದೇ ಅಕ್ಕ, ಹಾಕಿಸಿ" ಅಂದರು. ಪೊಟ್ಟಣದ ಮೇಲೆ ಇಂಗ್ಲಿಷ್ ಅಕ್ಷರ. ಅತ್ತಿಗೆಗೆ ಇಂಗ್ಲಿಷ್ ಬಾರದು. ಆದರೆ ಅಂಕಿ ಬರುತ್ತದೆ. ನಮ್ಮ ಕೇಂದ್ರದಲ್ಲೇ ಕಲಿತದ್ದು. ಪೊಟ್ಟಣದಲ್ಲಿ 100 ಇರಲಿಲ್ಲ.

"ಅಣ್ಣಾ, ನಮ್ಮದು 100. ಇದರಲ್ಲಿ ಬೇರೆ ನಂಬರ್ ಇದೆಯಲ್ಲ?" ಅಂದರು.

ರಬ್ಬರ್ ಹೊರಗೆ ತೆಗೆಸಿದರು. ಹಳೆಯದರ ಮೇಲೆ ಇಟ್ಟು ನೋಡಿದರು. ಬಾಯಿಯ ಅಳತೆ ಬೇರೆ ಇತ್ತು. ಅಂಗಡಿಯವರು ನಕ್ಕು, ಸರಿಯಾದ್ದನ್ನು ಹುಡುಕಿ ಕೊಟ್ಟರು. ನೀವೂ ಹೀಗೇ ಇಟ್ಟು ನೋಡಿ. ಬೋಲ್ಟಿನ ತೂತು ಕೂಡಬೇಕು. ಬಾಯಿ ಕೂಡಬೇಕು. ಹೊಸ ರಬ್ಬರ್ ಬಾಗಿಸಿದರೆ ಬಾಗಬೇಕು. ಬಹಳ ದಿನ ಅಂಗಡಿಯಲ್ಲೇ ಕೂತ ರಬ್ಬರೂ ಗಟ್ಟಿ ಆಗಿರುತ್ತದೆ.

ಅತ್ತಿಗೆ ತಾವೇ ಹಾಕಿದ್ದು

ಮುಂದಿನ ರಬ್ಬರನ್ನು ಆಗ ಮೆಕ್ಯಾನಿಕ್ ಹಾಕಿಕೊಟ್ಟರು. ಹಿಂದಿನದು 1994ರದೇ ಉಳಿಯಿತು. 2025ರಲ್ಲಿ ಒಂದು ಸಂಜೆ ಗಾಡಿ ಮತ್ತೆ ರಾಗ ತೆಗೆಯಿತು. ಅಣ್ಣನಿಗೆ ಜ್ವರ. ಅತ್ತಿಗೆ ಟಾರ್ಚ್ ಬಿಟ್ಟು ನೋಡಿದರು. ಹಿಂದಿನ ರಬ್ಬರ್ ಗಟ್ಟಿಯಾಗಿ, ಕಾರ್ಬೋರೇಟರ್ ಬಾಯಿಂದ ಅರ್ಧ ಜಾರಿತ್ತು. ಹರಿದಿರಲಿಲ್ಲ. ಹೀಗೆ ಜಾರಿದರೆ ದೂಳು ಜರಡಿ ಇಲ್ಲದೆ ನೇರ ಇಂಜಿನ್ನಿಗೆ ಹೋಗುತ್ತದೆ. ದೂಳು ಒಳಗೆ ಅರಗೋಲಿನ ಹಾಗೆ ಉಜ್ಜುತ್ತದೆ.

"ಟೀಚರಮ್ಮ, ನಿಮ್ಮ ಬರೆದ ಪುಸ್ತಕ ತನ್ನಿ" ಅಂತ ನನಗೆ ಹೇಳಿ ಕಳಿಸಿದರು. ನಾವಿಬ್ಬರು, ಅಣ್ಣನ ಮಗಳು, ಮೂವರು ಕೂತೆವು.

ಮೊದಲು ಇಂಜಿನ್ ಪೂರಾ ಆರಲಿ. ಪೆಟ್ರೋಲ್ ಕಾಕ್ ಬಂದ್ ಮಾಡಿ. ಹತ್ತಿರ ಒಲೆ, ದೀಪ, ಬೀಡಿ ಯಾವುದೂ ಇರಬಾರದು. ಕಾರ್ಬೋರೇಟರ್ ಕೆಳಗೆ ಒಂದು ಸ್ಟೀಲ್ ಬಟ್ಟಲು ಇಡಿ, ಉಳಿದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಆ ಬಟ್ಟಲು ಮತ್ತೆ ಅಡುಗೆಗೆ ಬೇಡ. ಪೆಟ್ರೋಲ್ ಪೈಪನ್ನು ಬಾಯಲ್ಲಿ ಎಂದೂ ಎಳೆಯಬೇಡಿ.

ಎರಡು ಕ್ಲಿಪ್ಪಿನ ಸ್ಕ್ರೂ ಸಡಿಲ ಮಾಡಿ. ಪೂರ್ತಿ ಬಿಚ್ಚಬೇಡಿ, ಸ್ಕ್ರೂ ಬಿದ್ದರೆ ಹುಡುಕುವುದೇ ಕೆಲಸ. ಕಾರ್ಬೋರೇಟರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಹೊರಳಿಸಿ. ಹಿಂದಕ್ಕೆ ತಳ್ಳಿ. ಮುಂದಿನ ರಬ್ಬರಿನಿಂದ ಅದು ಬಿಡುತ್ತದೆ. ಆಮೇಲೆ ಓರೆ ಮಾಡಿ ಪಕ್ಕಕ್ಕೆ ಎಳೆಯಿರಿ. ಎಕ್ಸಲೇಟರ್ ತಂತಿಗೆ ಅದು ಜೋತಾಡಬಾರದು. ಒಬ್ಬರು ಕೈಯಲ್ಲಿ ಹಿಡಿದುಕೊಳ್ಳಿ. ಎಣ್ಣೆಯ ಸಣ್ಣ ಟ್ಯೂಬ್ ಕೂಡ ಅಲ್ಲೇ ಹತ್ತಿರ ಇದೆ. ಅದನ್ನು ಜಗ್ಗಬೇಡಿ.

ಮುಂದಿನ ರಬ್ಬರಿನ ಬಾಯಿಗೆ ಶುಭ್ರ ಬಟ್ಟೆ ಮುಚ್ಚಿ. ಅದರ ಒಳಗೆ ತೆಳು ಎಲೆಯಂಥ ಕವಾಟ ಇದೆ. ಬೆರಳಾಗಲಿ ಸ್ಕ್ರೂ ಡ್ರೈವರಾಗಲಿ ಹಾಕಬಾರದು. ಒಂದು ಕಲ್ಲಿನ ಚೂರು ಬಿದ್ದರೂ ಕೆಲಸ ಕೆಟ್ಟಿತು.

ಹಿಂದಿನ ರಬ್ಬರ್ ಹೊರಗೆ ತೆಗೆದು ಬಾಗಿಸಿ ನೋಡಿ. ಬಿರುಕು ಇದ್ದರೆ ಹೊಸದು ಹಾಕಿ. ನಮ್ಮದರಲ್ಲಿ ಬಿರುಕು ಇರಲಿಲ್ಲ, ಗಟ್ಟಿ ಆಗಿತ್ತು ಅಷ್ಟೇ. ಹಾಗೇ ತುರುಕಲು ಹೋದೆವು. ಆಗಲಿಲ್ಲ. ಅಣ್ಣನ ಮಗಳು ಸ್ಕ್ರೂ ಡ್ರೈವರಲ್ಲಿ ಮೀಟಲು ಹೋದಳು. "ಬೇಡ ಕಣೇ, ಹರಿದುಹೋಗುತ್ತೆ" ಅಂತ ಅತ್ತಿಗೆ ಗದರಿದರು.

ಒಂದು ಪಾತ್ರೆಯಲ್ಲಿ ನೀರು ಕಾಯಿಸಿದರು, ಅಡುಗೆ ಮನೆಯಲ್ಲಿ, ಗಾಡಿಯಿಂದ ದೂರ. ಕುದಿ ಬಂದ ಮೇಲೆ ಪಾತ್ರೆ ಇಳಿಸಿ ಹೊರಗೆ ತಂದರು. ರಬ್ಬರನ್ನು ಅದರಲ್ಲಿ ಐದು ನಿಮಿಷ ಬಿಟ್ಟರು. ಗಟ್ಟಿ ರಬ್ಬರ್ ಮೆತ್ತಗಾಯಿತು. ಇಕ್ಕಳದಲ್ಲಿ ತೆಗೆದು, ಒಳಗೂ ಹೊರಗೂ ಒರೆಸಿದರು. ಒಳಗೆ ನೀರು ಉಳಿಯಬಾರದು.

ಈಗ ಬೇಗ ಕೆಲಸ ಮಾಡಬೇಕು. ಆರಿದರೆ ಮತ್ತೆ ಗಟ್ಟಿ. ಮೊದಲು ಡಬ್ಬಿ ಕಡೆ ಕೂರಿಸಿ. ರಬ್ಬರಿನಲ್ಲಿ ಒಂದು ಗಾಡಿ ಇದೆ, ಅಂದರೆ ಸುತ್ತಲೂ ಒಂದು ಗೀರು. ಡಬ್ಬಿಯ ತೂತಿನ ಅಂಚು ಆ ಗೀರಿನಲ್ಲಿ ಕೂರಬೇಕು. ಕಾರ್ಬೋರೇಟರ್ ಬಾಯಿಗೆ ಚೂರು ಸೋಪಿನ ನೀರು ಸವರಿ. ಬಳೆ ಹಾಕುವಾಗ ಕೈಗೆ ಸೋಪು ಹಚ್ಚುತ್ತೇವಲ್ಲ, ಹಾಗೆ. ಅಡುಗೆ ಎಣ್ಣೆ, ಗ್ರೀಸ್ ಬೇಡ, ಆಮೇಲೆ ಜಾರುತ್ತದೆ. ಕಾರ್ಬೋರೇಟರನ್ನು ಮೊದಲು ಹಿಂದಿನ ರಬ್ಬರಿಗೆ ಆಳವಾಗಿ ತಳ್ಳಿ. ಆಮೇಲೆ ಮುಂದಕ್ಕೆ ತಂದು ಮುಂದಿನ ರಬ್ಬರಿಗೆ ಒತ್ತಿ. ಜಾಗ ಸಾಲದಿದ್ದರೆ ಫಿಲ್ಟರ್ ಡಬ್ಬಿಯ ಬೋಲ್ಟ್ ಸಡಿಲ ಮಾಡಿ, ಸ್ವಲ್ಪ ಹಿಂದಕ್ಕೆ ಸರಿಸಿ. ನಮಗೆ ಇದು ನೆನಪಾಗಲು ಅರ್ಧ ಗಂಟೆ ಹಿಡಿಯಿತು!

ಕಾರ್ಬೋರೇಟರ್ ನೆಟ್ಟಗೆ ನಿಲ್ಲಬೇಕು. ವಾಲಿದರೆ ಒಳಗಿನ ಪೆಟ್ರೋಲ್ ಮಟ್ಟ ತಪ್ಪುತ್ತದೆ. ಸುತ್ತ ಬೆರಳಾಡಿಸಿ. ಕೆಳಗಡೆ ಕಣ್ಣಿಗೆ ಕಾಣದು, ಅಲ್ಲಿ ಕನ್ನಡಿ ಹಿಡಿದು ನೋಡಿ. ಎಲ್ಲೂ ಸಂದು ಇರಬಾರದು. ಕ್ಲಿಪ್ ಓರೆ ಇರಬಾರದು. ಕೈಯಲ್ಲಿ ತಿರುಗಿಸಿದರೆ ಕಾರ್ಬೋರೇಟರ್ ಅಲ್ಲಾಡದಷ್ಟು ಬಿಗಿ ಮಾಡಿ, ಸಾಕು. ಇನ್ನೂ ಬಿಗಿದರೆ ಕ್ಲಿಪ್ಪೇ ರಬ್ಬರನ್ನು ಕತ್ತರಿಸುತ್ತದೆ.

ಕಾಕ್ ಬಿಡುವ ಮುಂಚೆ ಎಕ್ಸಲೇಟರ್ ತಿರುಗಿಸಿ ಬಿಡಿ. ಟಕ್ ಅಂತ ತಾನೇ ವಾಪಸ್ ಬರಬೇಕು. ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿಯೂ ನೋಡಿ. ಸಿಕ್ಕಿಕೊಂಡರೆ ಗಾಡಿ ಸ್ಟಾರ್ಟ್ ಮಾಡಬೇಡಿ, ತಂತಿ ಸರಿ ಮಾಡಿ. ಕಾಕ್ ಬಿಟ್ಟ ಮೇಲೆ ಎರಡು ನಿಮಿಷ ಕಾಯಿರಿ. ಪೆಟ್ರೋಲ್ ಎಲ್ಲೂ ತೊಟ್ಟಿಕ್ಕಬಾರದು.

ಅತ್ತಿಗೆ ಎರಡನೇ ಕಿಕ್ಕಿಗೆ ಸ್ಟಾರ್ಟ್ ಮಾಡಿದರು. ಎಕ್ಸಲೇಟರ್ ಕೊಟ್ಟು ಬಿಟ್ಟರು. ಶಬ್ದ ಸರಕ್ಕನೆ ಇಳಿಯಿತು. ಸೋಪಿನ ನೀರಿನ ಪರೀಕ್ಷೆಯನ್ನೂ ಮಾಡಿದರು. ಒಳಗೆ ಮಲಗಿದ್ದ ಅಣ್ಣ ಶಬ್ದ ಕೇಳಿ ಕಂಬಳಿ ಹೊದ್ದುಕೊಂಡೇ ಹೊರಗೆ ಬಂದ.

"ಯಾರೇ ಮೆಕ್ಯಾನಿಕ್ ಬಂದಿದ್ದು?" ಅಂದ.

"ಹೋಗಿ ಮಲಗ್ರೀ" ಅಂದರು ಅತ್ತಿಗೆ.

ಜ್ವರ ಬಿಟ್ಟ ಮೇಲೆ ಅಣ್ಣ ಹೂವು ಒಯ್ದು ಬಂದ. ಗಾಡಿ ಆರಿದ ಮೇಲೆ ಪ್ಲಗ್ ಬಿಚ್ಚಿ ಅತ್ತಿಗೆ ಕೈಗೆ ಕೊಟ್ಟ. ತುದಿ ಕಾಫಿ ಬಣ್ಣ ಇತ್ತು.